ಎಣ್ಣೆಯಿಲ್ಲದ ಎಣಗಾಯಿ

ಅಡುಗೆ ಬಾರದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರೆಲ್ಲ ಸುಖವಾಗಿಯೇ ಇದ್ದಾರೆ. ಖಾನಾವಳಿಯೋ, ತವರುಮನೆಯೋ, ಸಿಟ್ಟು ಮಾಡಿಕೊಳ್ಳದ ನೆರೆಮನೆಯವರೋ, ಯಾವುದಾದರೊಂದು ಆಸರೆ ಅವರಿಗೆ ಸಿಕ್ಕೇ ಸಿಗುತ್ತದೆ. ಆದರೆ ಅಡುಗೆ ಬಾರದವಳೊಬ್ಬಳು ಬಾಂಡೆ ಅಂಗಡಿಯಲ್ಲಿ ದುಡ್ಡಿನ ಗಲ್ಲೆಯ ಮುಂದೆ ಕೂತು, ದಿನಬೆಳಗಾದರೆ ಊರ ಹೆಂಗಸರಿಗೆ ಕುಕ್ಕರು, ಕಡಾಯಿ, ಬೋಗಾಣಿ ಮಾರಬೇಕಾಗಿ ಬಂದರೆ ಅವಳ ಪಾಡೇನು ಎಂದು ಯಾರೂ ವಿಚಾರಿಸುವುದಿಲ್ಲ. ಆ ಪಾಡು ನನ್ನದು. ಬನಹಟ್ಟಿಯ ಬಜಾರಿನಲ್ಲಿರುವ ನಮ್ಮ ಅಂಗಡಿಯಲ್ಲಿ ಯಾವ ಪಾತ್ರೆಯನ್ನಾದರೂ ಬೆರಳಿನ ಗೆಣ್ಣಿನಿಂದ ಒಮ್ಮೆ ಬಾರಿಸಿ, ತಳ ದಪ್ಪವೋ ತೆಳುವೋ ಎಂದು ಕಣ್ಣುಮುಚ್ಚಿ ಹೇಳಬಲ್ಲೆ. ಅದರೊಳಗೆ ಏನು ಹಾಕಿ ಎಷ್ಟು ಹೊತ್ತು ಕುದಿಸಬೇಕು ಎಂದು ಮಾತ್ರ ಕೇಳಬೇಡಿ. "ಅಕ್ಕಾರ, ಈ ಕುಕ್ಕರಿನ್ಯಾಗ ಬ್ಯಾಳಿಗೆ ಎಷ್ಟು ಸೀಟಿ ಹೊಡಸಬೇಕ್ರಿ?" ಎಂದು ಯಾರಾದರೂ ಕೇಳಿದರೆ ನಾನು ನಕ್ಕು, "ನಿಮ್ಮ ಬ್ಯಾಳಿ ಯಾ ಕಡಿದ್ರಿ?" ಎಂದು ತಿರುಗಿ ಕೇಳುತ್ತೇನೆ. ಅವರು ತಮ್ಮ ಹೊಲ, ತಮ್ಮ ತೊಗರಿ, ಅದು ಬೇಯುವ ಬಗೆ ಎಲ್ಲವನ್ನೂ ವಿವರಿಸಿ, ಕೊನೆಗೆ ಎಷ್ಟು ಸೀಟಿ ಎಂಬುದನ್ನೂ ತಾವೇ ಹೇಳಿ, ನನಗೆ ಬಹಳ ತಿಳಿದಿದೆ ಎಂಬ ಗೌರವದಿಂದ ಕುಕ್ಕರು ಕೊಂಡು ಹೋಗುತ್ತಾರೆ.

ಇದಕ್ಕೆ ಕಾರಣ ನಮ್ಮ ಮನೆಯ ಒಂದು ಒಪ್ಪಂದ. ನಾನು ಮದುವೆಯಾಗಿ ಬಂದ ವರ್ಷವೇ ಮಾವನವರಿಗೆ ಮಂಡಿ ಹಿಡಿದು, ಅಂಗಡಿಯಲ್ಲಿ ನಿಲ್ಲುವುದು ಕಷ್ಟವಾಯಿತು. ನಮ್ಮನೆಯವರು ರಬಕವಿಯ ಹೈಸ್ಕೂಲಿನಲ್ಲಿ ಮೇಷ್ಟ್ರು. ಅವರನ್ನು ಗಲ್ಲೆಯ ಮುಂದೆ ಕೂರಿಸಿದರೆ ಗಿರಾಕಿಗಳಿಗೆ ಪಾತ್ರೆ ಕೊಡುವ ಬದಲು ಪಾಠ ಹೇಳುತ್ತಾರೆ. ಹಾಗಾಗಿ ನಮ್ಮ ಅತ್ತೆ ನೀಲವ್ವ ಒಂದು ಸಂಜೆ ನನ್ನನ್ನು ಕರೆದು, "ಗಿರಿಜಾ, ಗಲ್ಲೆ ನಿನಗ, ಒಲಿ ನನಗ. ನೀ ನನ್ನ ಒಲಿಗೆ ಬರಬ್ಯಾಡ, ನಾ ನಿನ್ನ ಗಲ್ಲೆಗೆ ಬರೂದಿಲ್ಲ" ಎಂದು ತೀರ್ಮಾನ ಕೊಟ್ಟರು. ಹಿಂದಿನ ಕಾಲದಲ್ಲಿ ಜಮಖಂಡಿ, ಮುಧೋಳದ ಸಂಸ್ಥಾನಗಳ ನಡುವೆಯಾದರೂ ಇಷ್ಟು ಸ್ಪಷ್ಟವಾದ ಗಡಿ ಇತ್ತೋ ಇಲ್ಲವೋ ಕಾಣೆ. ಮಾವನವರು ತೀರಿಕೊಂಡು ಎಷ್ಟೋ ವರ್ಷಗಳಾದವು, ಒಪ್ಪಂದ ಮಾತ್ರ ಮುರಿದಿರಲಿಲ್ಲ. ನಾನು ಹಸಿದು ಬರುತ್ತಿದ್ದೆ, ಅವರು ಬಡಿಸುತ್ತಿದ್ದರು. ಸೊಸೆಯಾದವಳಿಗೆ ಇದಕ್ಕಿಂತ ದೊಡ್ಡ ಭಾಗ್ಯ ಬೇರೆ ಇಲ್ಲ ಎಂದು ನನ್ನ ತವರಿನವರು ಈಗಲೂ ಹೊಟ್ಟೆಕಿಚ್ಚು ಪಡುತ್ತಾರೆ.

ಅಡುಗೆ ಬಾರದಿದ್ದರೂ ಅಂಗಡಿಯಲ್ಲಿ ನಾನು ಖಡಕ್ಕು. ಮುಖ್ಯವಾಗಿ ನಾನ್‌ಸ್ಟಿಕ್ ವಿಷಯದಲ್ಲಿ. ಆರು ತಿಂಗಳು ಬಳಸಿ, ಮೈತುಂಬ ಗೀರು ಬಿದ್ದ ಕಡಾಯಿಯನ್ನು ಪೇಪರಿನಲ್ಲಿ ಸುತ್ತಿ ತಂದು, "ಇದನ್ನ ಬದಲಿ ಮಾಡಿ ಕೊಡ್ರಿ" ಎನ್ನುವವರು ವಾರಕ್ಕೊಬ್ಬರಾದರೂ ಇರುತ್ತಾರೆ. ನಾನು ಕಡಾಯಿಯನ್ನು ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ, "ಸ್ಟೀಲ್ ಸೌಟು ಹಾಕೀರಿ. ವಾರಂಟಿ ಬರಂಗಿಲ್ರಿ" ಎನ್ನುತ್ತೇನೆ. ಎಲ್ಲರದೂ ಒಂದೇ ಉತ್ತರ: "ಇಲ್ರೀ ಅಕ್ಕಾರ, ಕಟ್ಟಿಗಿ ಸೌಟನ ಹಾಕಿದ್ವಿ. ತಾನ ಹಂಗಾತು." ತಾನೇ ತಾನಾಗಿ ಗೀರು ಬೀಳುವ ಕಡಾಯಿಯನ್ನು ನಾನಂತೂ ಕಂಡಿಲ್ಲ. ಸುಳ್ಳು ಹೇಳುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ, ಅದರಲ್ಲೂ ಸೌಟಿನ ವಿಷಯದಲ್ಲಿ.

ಆದರೆ ಖರೆ ಹೇಳಬೇಕೆಂದರೆ ಹಾಗೆ ವಾಪಸು ತರುವವರನ್ನು ಬಿಟ್ಟರೆ ನಾನ್‌ಸ್ಟಿಕ್ ಕೊಳ್ಳುವವರು ಬಹಳ ಮಂದಿ ಇರಲಿಲ್ಲ. ಕಡಾಯಿಯನ್ನು ಕೈಗೆತ್ತಿಕೊಂಡು, ಎಷ್ಟು ಹಗುರ, ಎಷ್ಟು ಚೆಂದ ಎಂದು ಮೆಚ್ಚುತ್ತಿದ್ದರು. ನಾನು ಕಂಪನಿಯವರು ಕಲಿಸಿದಂತೆ, "ಇದಕ್ಕ ಎಣ್ಣೀನ ಬ್ಯಾಡ ನೋಡ್ರಿ. ಒಂದು ಹನಿ ಎಣ್ಣಿ ಇಲ್ಲದ ಅಡಗಿ ಆಕ್ಕೈತಿ" ಎನ್ನುತ್ತಿದ್ದೆ. ತಕ್ಷಣ ಕಡಾಯಿ ಮೆತ್ತಗೆ ಮರಳಿ ಕಪಾಟು ಸೇರುತ್ತಿತ್ತು. "ಬ್ಯಾಡ್ರಿ ಅಕ್ಕಾರ. ದೇವರ ದಯದಿಂದ ನಮ್ಮ ಮನ್ಯಾಗ ಬ್ಯಾನಿ ಬಿದ್ದವರು ಯಾರೂ ಇಲ್ಲ" ಎಂದು ಒಬ್ಬರು ಹೇಳಿದರು. ಇನ್ನೊಬ್ಬರು, "ನಮ್ಮತ್ತಿಗೆ ಪಥ್ಯ ಐತಿ, ಆದ್ರ ಅವರು ಪಥ್ಯ ಮಾಡಂಗಿಲ್ಲ" ಎಂದರು. ಎಣ್ಣೆಯಿಲ್ಲದ ಅಡುಗೆ ಒಳ್ಳೆಯದು ಎಂದು ಎಲ್ಲರಿಗೂ ಗೊತ್ತು. ಒಳ್ಳೆಯದನ್ನು ನೆರೆಮನೆಯವರು ಮಾಡಲಿ ಎಂಬುದು ಎಲ್ಲರ ಅಭಿಪ್ರಾಯ. ಹೀಗಾಗಿ ನಾನ್‌ಸ್ಟಿಕ್ಕಿನ ಡಬ್ಬಿಗಳು ಗೋಡಾನಿನಲ್ಲಿ ಮೇಲುಮಾಳಿಗೆ ಕಟ್ಟಿಕೊಂಡು ಕೂತಿದ್ದವು.

ಅಂಥ ಹೊತ್ತಿನಲ್ಲಿ ಕಂಪನಿಯ ಪ್ರಶಾಂತ ಹುಬ್ಬಳ್ಳಿಯಿಂದ ಬಂದ. ಟೈ ಕಟ್ಟಿಕೊಂಡು ಉರಿಬಿಸಿಲಲ್ಲಿ ಅಂಗಡಿ ಅಂಗಡಿ ತಿರುಗುವ ಸಭ್ಯ ಮನುಷ್ಯ. ನೀರು ಕುಡಿದು, ಟೈ ಸಡಿಲಿಸಿ, ಬಹಳ ಸಂಕೋಚದಿಂದ ವಿಷಯ ಹೇಳಿದ. ಈ ಸೀಮೆಯಲ್ಲಿ ಅವರ ಕಂಪನಿಯ ಏಜೆನ್ಸಿ ನಮ್ಮದೊಂದೇ. ಮಾವನವರು ಹುಬ್ಬಳ್ಳಿಗೆ ಬಸ್ಸಿನಲ್ಲಿ ಓಡಾಡಿ ಓಡಾಡಿ ತಂದದ್ದು. ಈಗ ಮುಧೋಳದ ಒಬ್ಬ ಅಂಗಡಿಯವರು ತಮಗೆ ಕೊಡಿ ಎಂದು ಬೆನ್ನು ಹತ್ತಿದ್ದಾರಂತೆ. ಜಮಖಂಡಿಯಲ್ಲಿ ಗೃಹೋಪಯೋಗಿ ವಸ್ತುಗಳ ಮೇಳ ನಡೆಯಲಿದೆ, ಅಲ್ಲಿ ಇಬ್ಬರೂ ಮಳಿಗೆ ಹಾಕಬೇಕು, ಜನರ ಮುಂದೆ ಅಡುಗೆ ಮಾಡಿ ತೋರಿಸಿ ಮಾರಬೇಕು, ಯಾರು ಹೆಚ್ಚು ಮಾರುತ್ತಾರೋ ಏಜೆನ್ಸಿ ಅವರಿಗೆ ಎಂದು ಮೇಲಿನವರು ತೀರ್ಮಾನಿಸಿದ್ದಾರಂತೆ. ಏಜೆನ್ಸಿ ಹೋದರೆ ನಮ್ಮ ಅಂಗಡಿಯಲ್ಲಿ ಉಳಿಯುವುದು ಮದುವೆಯಲ್ಲಿ ಆಯೇರಿಯೆಂದು ಉಡುಗೊರೆ ಕೊಡುವ ಲೋಟ, ತಾಟು ಮತ್ತು ಅವುಗಳ ಮೇಲೆ ಹೆಸರು ಕೊರೆಯುವ ಕಿರ್ರೆನ್ನುವ ಮಷಿನ್ನು. ಅಂಗಡಿಯ ಬಾಗಿಲ ಮೇಲೆ ಮಾವನವರು ತಾವೇ ನಿಂತು ಹಾಕಿಸಿದ ಕಂಪನಿಯ ಬೋರ್ಡನ್ನು ಯಾರೋ ಏಣಿ ಹಾಕಿ ಇಳಿಸುವುದನ್ನು ನೆನೆದು, ಎದ್ದು ಹೊರಗೆ ಹೋಗಿ ಅದನ್ನೊಮ್ಮೆ ನೋಡಿ ಬಂದೆ.

"ಡೆಮೊ ಯಾರು ಮಾಡ್ತಾರೆ ಮೇಡಂ? ಮುಧೋಳದವರು ಬೆಳಗಾವಿಯಿಂದ ಬಾಣಸಿಗನ್ನ ಕರೆಸ್ತಾರಂತೆ" ಎಂದ ಪ್ರಶಾಂತ. ಆ 'ಬೆಳಗಾವಿಯಿಂದ' ಎಂಬ ಮಾತು ನನಗೆ ಚುಚ್ಚಿತು. "ಯಾರ್ಯಾಕ? ನಾನ ಮಾಡತೇನಿ" ಎಂದುಬಿಟ್ಟೆ. ಏನು ಮಾಡುತ್ತೀರಿ ಎಂದು ಕೇಳಿದ. ನನಗೆ ತಿಳಿದಿದ್ದ ಅಡುಗೆಯ ಹೆಸರುಗಳಲ್ಲಿ ಮೊದಲು ಬಾಯಿಗೆ ಬಂದದ್ದು ಹಿಂದಿನ ದಿನ ಉಂಡಿದ್ದ ಬದನೆಕಾಯಿ ಎಣಗಾಯಿ. "ಎಣ್ಣೆ ಇಲ್ಲದೆ ತಾನೆ?" ಎಂದ. "ಎಣ್ಣಿ ಇಲ್ಲದ" ಎಂದೆ. ಎಣಗಾಯಿಯ ಹೆಸರೇ ಎಣ್ಣೆಯಿಂದ ಬಂದದ್ದು, ಹುಬ್ಬಳ್ಳಿಯವನಾಗಿ ಅವನಿಗಾದರೂ ಅನುಮಾನ ಬರಬೇಕಿತ್ತು. ಆದರೆ ಎಣಗಾಯಿ ಎಂದ ಕೂಡಲೇ ಅವನ ಬಾಯಲ್ಲಿ ನೀರೂರಿ ಮುಂದಿನದು ಕಿವಿಗೆ ಬೀಳಲಿಲ್ಲವೆಂದು ಕಾಣುತ್ತದೆ.

ಹಠಕ್ಕೆ ಬಿದ್ದರೆ ನಾನು ಬಿಡುವವಳಲ್ಲ. ಎಂಟನೆಯ ಇಯತ್ತೆಯಲ್ಲಿ ಸೈಕಲ್ ಕಲಿಯುತ್ತೇನೆಂದು ಹೊರಟು, ಮೊಣಕಾಲಿನ ಚರ್ಮವೆಲ್ಲ ಕಿತ್ತರೂ ಬಿಡದೆ, ಕೊನೆಗೆ ಬಾಡಿಗೆ ಸೈಕಲ್ಲಿನವನೇ ಬಂದು ಬೇಡಿಕೊಂಡ ಮೇಲೆ ಬಿಟ್ಟವಳು. ಆದರೆ ಅಡುಗೆಮನೆ ಅತ್ತೆಯ ಸಂಸ್ಥಾನ. ಹಾಗಾಗಿ ಅಂಗಡಿಯ ಹಿಂದಿನ ಗೋಡಾನಿನಲ್ಲಿ ಒಂದು ಗ್ಯಾಸಿನ ಒಲೆ ಇಟ್ಟುಕೊಂಡು, ಬಜಾರು ತೂಕಡಿಸುವ ಮಧ್ಯಾಹ್ನದ ಹೊತ್ತಿನಲ್ಲಿ ತಾಲೀಮು ಶುರು ಮಾಡಿದೆ. ಮೊದಲ ದಿನ ಬದನೆಕಾಯಿ ಹೊರಗೆ ಕರಕಲು, ಒಳಗೆ ಹಸಿ. ಮರುದಿನ ನೀರು ಹೆಚ್ಚಾಗಿ ಮಸಾಲೆಯೆಲ್ಲ ಈಜಿಕೊಂಡು ಹೊರಗೆ ಬಂತು. ಆಮೇಲೊಂದು ದಿನ ನೋಡಲು ಚೆನ್ನಾಗಿಯೇ ಬಂತು, ತಿಂದರೆ ಮಾತ್ರ ಹಳೆಯ ಹಗ್ಗ ಜಗಿದಂತೆ. ಎಣ್ಣೆಯಿಲ್ಲದ ಬದನೆಕಾಯಿ ಎಷ್ಟು ಮೊಂಡು ಎಂಬುದು ಕೈಯಾರೆ ಮಾಡಿದವರಿಗೇ ಗೊತ್ತು.

ನಮ್ಮನೆಯವರು ಸಂಜೆ ಶಾಲೆಯಿಂದ ಬರುತ್ತ ಅಂಗಡಿಗೆ ಹಾಯುವುದು ರೂಢಿ. ಅವರಿಗೆ ತಾಟಿನಲ್ಲಿ ಹಾಕಿ ಕೊಡುತ್ತಿದ್ದೆ. ಅವರು ಬಹಳ ಹೊತ್ತು ಅಗಿದು, ನೀರು ಕುಡಿದು, ಗೋಡೆ ನೋಡುತ್ತ, "ಪ್ರಯತ್ನ ಛಲೋ ಐತಿ. ಹತ್ತಕ್ಕ ಮೂರು ಕೊಡಬಹುದು" ಎನ್ನುತ್ತಿದ್ದರು. ಒಂದು ದಿನ ಐದು ಕೊಟ್ಟರು. ನಾನು ಹಿಗ್ಗಿ ವಿಚಾರಿಸಿದರೆ, ಅದರಲ್ಲಿ ಎರಡು ಕೈಬರಹಕ್ಕಂತೆ, ಎಂದರೆ ತಾಟಿನಲ್ಲಿ ಒಪ್ಪವಾಗಿ ಜೋಡಿಸಿದ್ದಕ್ಕೆ. ಉಳಿದದ್ದನ್ನು ಏನು ಮಾಡುವುದು? ಗೋಡಾನಿನ ಹಿಂದಿನ ಮನೆಯವರು ಮುಧೋಳ ನಾಯಿ ಸಾಕಿದ್ದಾರೆ. ಅದರ ಓಟದ ಬಗ್ಗೆ ಅವರಿಗೆ ಬಹಳ ಜಂಬ. ನಾನು ಒಂದು ಎಣಗಾಯಿಯನ್ನು ಗೋಡೆಯಾಚೆ ಇಟ್ಟೆ. ನಾಯಿ ಬಾಣದಂತೆ ಬಂತು, ಮೂಸಿತು, ಬಂದದ್ದಕ್ಕಿಂತ ಜೋರಾಗಿ ಹಿಂದಕ್ಕೆ ಹೋಯಿತು. ಅದರ ಓಟದ ಬಗ್ಗೆ ಅವರು ಹೇಳುವುದರಲ್ಲಿ ಸುಳ್ಳಿಲ್ಲ.

ಈ ಗುಟ್ಟು ಅತ್ತೆಯವರಿಂದ ಎಷ್ಟು ದಿನ ಅಡಗೀತು? ಒಂದು ರಾತ್ರಿ ಊಟಕ್ಕೆ ಕೂತಾಗ, "ಗೋಡಾನಿನ್ಯಾಗ ಏನೋ ನಾರಾಕತ್ತೈತಿ ಅಂತ ಮಂದಿ ಅನ್ನಾಕತ್ತಾರ. ಇಲಿ ಸತ್ತಾವೇನು ನೋಡು" ಎಂದರು. ನಮ್ಮನೆಯವರಿಗೆ ನೆತ್ತಿಗೆ ಹತ್ತಿ ಕೆಮ್ಮು ಬಂತು. ನಾನು ರೊಟ್ಟಿ ಮುರಿಯುತ್ತಲೇ ಇದ್ದೆ. ಅತ್ತೆ ಸಾರಿನ ಬೋಗಾಣಿ ಕೆಳಗಿಟ್ಟು, ಬೇರೆಯೇ ದನಿಯಲ್ಲಿ, "ಗಲ್ಲೆ ಕೊಟ್ಟಿದ್ದೆ. ಈಗ ಒಲೀನೂ ನಿನಗ ಬೇಕಾತೇನು?" ಎಂದು ಕೇಳಿದರು. ಆ ದನಿಯಲ್ಲಿ ಸಿಟ್ಟು ಇದ್ದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಆದರೆ ಇದ್ದದ್ದು ಭಯ. ಎಪ್ಪತ್ತು ದಾಟಿದ ಆ ಹೆಂಗಸು ತನ್ನ ಒಲೆಯನ್ನು ನಾನು ಕಸಿದುಕೊಳ್ಳುತ್ತೇನೆಂದು ಹೆದರಿದ್ದಳು. ನನಗೆ ನಿಜಕ್ಕೂ ಸಂಕಟವಾಯಿತು. ಏಜೆನ್ಸಿಯ ಕಥೆ, ಮುಧೋಳದವರ ಕಥೆ, ಬೆಳಗಾವಿಯ ಬಾಣಸಿಗನ ಕಥೆ ಎಲ್ಲ ಹೇಳಿದೆ. ಎಲ್ಲ ಕೇಳಿ, "ನಿಮ್ಮ ಮಾವ ತಂದದ್ದು ಹೋಗಬಾರದು" ಎಂದಷ್ಟೇ ಅಂದು, ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

ಮೇಳದ ದಿನ ಬೆಳಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತೆ ಬದನೆಕಾಯಿ ಸೀಳಿ, ಶೇಂಗಾ, ಎಳ್ಳು, ಗುರೆಳ್ಳಿನ ಪುಡಿ, ಉಳ್ಳಾಗಡ್ಡಿ, ಹುಣಸೆಹಣ್ಣು, ಬೆಲ್ಲ ಎಲ್ಲ ಹಾಕಿ ಮಸಾಲೆ ಕಲಸಿಟ್ಟಿದ್ದರು. "ತುಂಬೂದು ನನಗ ಬಿಡು, ಕುದಸೂದು ನೀ ಕುದಸು. ನಿನ್ನ ಕೈಲೆ ತುಂಬಿದ್ರ ಎಲ್ಲಾ ಹೊರಗ ಬರತಾವು" ಎಂದರು. ಒಪ್ಪಂದ ಮುರಿದು ಅವರೇ ಗಡಿ ದಾಟಿ ಬಂದಿದ್ದರು. ನನ್ನ ಕಣ್ಣಲ್ಲಿ ನೀರು ಬಂತು, ಉಳ್ಳಾಗಡ್ಡಿಯ ನೆಪವೂ ಸಿಕ್ಕಿತು. "ಅತ್ತೀ, ಎಣ್ಣಿ ಮಾತ್ರ ಹಾಕಬ್ಯಾಡ್ರಿ ಮತ್ತ" ಎಂದೆ. "ಎಷ್ಟು ಸರತಿ ಹೇಳತಿ? ನಾ ಏನು ಕಿವುಡಿ ಇದ್ದೇನೇನು?" ಎಂದರು. ಹಾಕುವುದಿಲ್ಲ ಎಂದು ಅವರು ಹೇಳಲಿಲ್ಲ ಎಂಬುದು ನನಗೆ ಹೊಳೆದದ್ದು ಆಮೇಲೆ, ತೀರ ತಡವಾಗಿ. ತುಂಬಿದ ಬದನೆಕಾಯಿಗಳನ್ನು ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಜೋಡಿಸಿ, ಮೇಲೊಂದು ಬುಟ್ಟಿ ತುಂಬ ಜೋಳದ ರೊಟ್ಟಿ ಬಟ್ಟೆಯಲ್ಲಿ ಕಟ್ಟಿಕೊಂಡು ತಾವೂ ಹೊರಟು ನಿಂತರು. ರೊಟ್ಟಿ ಯಾಕೆ, ಅಲ್ಲಿ ಜನ ರುಚಿ ಮಾತ್ರ ನೋಡುತ್ತಾರೆ ಎಂದರೆ, "ಬದನಿಕಾಯಿ ಕೊಟ್ಟು ರೊಟ್ಟಿ ಕೊಡದಿದ್ರ ಮಂದಿ ಏನಂದಾರು?" ಎಂದು ನನ್ನನ್ನೇ ಗದರಿದರು.

ಜಮಖಂಡಿಯ ಮೈದಾನದಲ್ಲಿ ಶಾಮಿಯಾನ ಹಾಕಿ ಸಾಲು ಸಾಲು ಮಳಿಗೆಗಳು. ಸೋಫಾ, ಸೋಲಾರು, ಉಪ್ಪಿನಕಾಯಿ, ಸೊಂಟನೋವಿನ ಎಣ್ಣೆ, ಎಲ್ಲ ಇತ್ತು. ನಮ್ಮೆದುರಿಗೇ ಮುಧೋಳದವರ ಮಳಿಗೆ. ಬೆಳಗಾವಿಯ ಬಾಣಸಿಗ ಮೊಳದುದ್ದದ ಬಿಳಿ ಟೊಪ್ಪಿಗೆ ಹಾಕಿಕೊಂಡು ದೋಸೆಯನ್ನು ಗಾಳಿಗೆ ಹಾರಿಸಿ, ತವಾದಲ್ಲಿ ಹಿಡಿಯುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮ ಮಳಿಗೆಯ ಮೇಲೆ ಪ್ರಶಾಂತ 'ಒಂದು ಹನಿಯೂ ಎಣ್ಣೆ ಬೇಡ' ಎಂಬ ದೊಡ್ಡ ಬ್ಯಾನರು ಕಟ್ಟಿದ್ದ. ಅದನ್ನು ಓದಿದವರು ದವಾಖಾನೆಯ ಮಳಿಗೆ ಎಂದುಕೊಂಡರೋ ಏನೋ, ಒಬ್ಬರು ಬಂದು ಬಿಪಿ ಇಲ್ಲೇ ನೋಡುತ್ತಾರೇನು ಎಂದು ಕೇಳಿಹೋದರು. ಆದರೂ ಸೆರಗು ಸಿಕ್ಕಿಸಿ, ಮೈಕು ಹಿಡಿದು ನಿಂತೆ. ಏನಾದರಾಗಲಿ, ಮಾವನವರ ಬೋರ್ಡು ಇಳಿಸಗೊಡುವುದಿಲ್ಲ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ.

"ಬರ್ರೀ ಅಕ್ಕಾರ, ಬರ್ರೀ ತಂಗೆಮ್ಮಾರ! ಬದನಿಕಾಯಿ ಎಣಗಾಯಿ, ಒಂದು ಹನಿ ಎಣ್ಣಿ ಇಲ್ಲದ! ನೋಡ್ರಿ, ತಿನ್ರಿ, ಆಮ್ಯಾಲ ತಗೋರಿ!" ಎಂದು ಕೂಗಿದೆ. ಎಣ್ಣೆಯಿಲ್ಲದ ಎಣಗಾಯಿ ಎಂಬ ಸೋಜಿಗ ನೋಡಲು ಒಂದಿಷ್ಟು ಹೆಂಗಸರು ಸೇರಿದರು. ಎಲ್ಲರ ಮುಂದೆ ನಿಂತವಳು ಬೀಳಗಿಯಿಂದ ಬಂದ ಒಬ್ಬ ದಪ್ಪನೆಯ ಹೆಂಗಸು. ಕಂಕುಳಲ್ಲಿ ಚೀಲ, ಮುಖದ ತುಂಬ ಅಪನಂಬಿಕೆ. ನಾನು ಕಡಾಯಿಯನ್ನು ಎತ್ತಿ ಎಲ್ಲರಿಗೂ ತೋರಿಸಿ, ಕೈ ಖಾಲಿ ಇದೆ ನೋಡಿ ಎಂದು ಜಾದೂಗಾರರ ಹಾಗೆ ತಿರುಗಿಸಿ, ಬದನೆಕಾಯಿಗಳನ್ನು ಜೋಡಿಸಿ, ತುಸು ನೀರು ಚಿಮುಕಿಸಿ ಗಾಜಿನ ಮುಚ್ಚಳ ಮುಚ್ಚಿದೆ. ಬದನೆಕಾಯಿಗಳು ಎಂದಿಗಿಂತ ಹೆಚ್ಚು ಹೊಳೆಯುತ್ತಿದ್ದವು. ಅತ್ತೆ ಚೆನ್ನಾಗಿ ತೊಳೆದಿದ್ದಾರೆ ಎಂದುಕೊಂಡೆ. ಅಡುಗೆ ಬಲ್ಲವರಿಗೆ ಆಗಲೇ ತಿಳಿಯುತ್ತಿತ್ತು.

ಕೋಟಿಂಗು, ವಾರಂಟಿ, ಕಟ್ಟಿಗೆಯ ಸೌಟು ಎಂದು ನನ್ನ ಭಾಷಣ ರಂಗೇರುತ್ತಿದ್ದಾಗ ಬೀಳಗಿಯವಳು ಮುಚ್ಚಳದ ಕಡೆ ಬೆರಳು ತೋರಿಸಿ, "ಅಕ್ಕಾರ, ಅದೇನ್ರಿ ಕೆಂಪಗ ತೇಲಾಕತ್ತೈತಿ?" ಎಂದಳು. ಬಗ್ಗಿ ನೋಡಿದೆ. ಕಡಾಯಿಯ ಅಂಚಿನ ಸುತ್ತ ಎಣ್ಣೆ ಮಿಣಮಿಣ ಎನ್ನುತ್ತಿತ್ತು. ಪ್ರಶಾಂತ ಮೈಕು ಇಸಿದುಕೊಂಡು, "ಅದು ಶೇಂಗಾ, ಎಳ್ಳಿನ ನ್ಯಾಚುರಲ್ ಎಣ್ಣೆ" ಎಂದ. ಹೆಂಗಸರು ತಲೆಯಾಡಿಸಿದರು. ಶೇಂಗಾ ಎಣ್ಣೆ ಬಿಡುವುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ನೋಡನೋಡುತ್ತಿದ್ದಂತೆ ಎಣ್ಣೆ ಏರಿತು. ಬದನೆಕಾಯಿಗಳು ಅರ್ಧ ಮುಳುಗಿ ಚುಂಯ್ ಚುಂಯ್ ಎಂದು ಕುಣಿಯತೊಡಗಿದವು. ಘಮ ಶಾಮಿಯಾನವನ್ನೆಲ್ಲ ತುಂಬಿತು. ಎದುರಿನ ಮಳಿಗೆಯ ಜನ ದೋಸೆ ಬಿಟ್ಟು ಇತ್ತ ತಿರುಗಿದರು. ಪ್ರಶಾಂತನಿಗೆ ಹಿಂದೆ ಸರಿಯಲು ದಾರಿಯಿರಲಿಲ್ಲ. "ಇದೇ ನಮ್ಮ ಕೋಟಿಂಗ್ ಟೆಕ್ನಾಲಜಿ! ಕಾಳಿನೊಳಗಿನ ಎಣ್ಣೆನೆಲ್ಲ ಹೊರಗೆ ತೆಗೆದುಬಿಡುತ್ತೆ!" ಎಂದುಬಿಟ್ಟ. "ಹಂಗಾರ ಗಾಣ ಯಾಕ ಬೇಕ್ರಿ? ನಾಕು ಕಡಾಯಿ ಕೊಡ್ರಿ, ಎಣ್ಣಿ ಮಾರಿಕೊಂಡ ಇರತೇವಿ" ಎಂದಳು ಬೀಳಗಿಯವಳು. ಎಲ್ಲರೂ ನಕ್ಕರು. ಎಲ್ಲರೂ ಎಂದರೆ ಎಲ್ಲರೂ ಅಲ್ಲ. ನಾಲ್ಕೈದು ಮಂದಿ ನಗದೆ, ಒಂದು ಕಡಾಯಿಗೆ ಎಷ್ಟು ಎಣ್ಣೆ ಬರಬಹುದು ಎಂದು ತಮ್ಮೊಳಗೇ ಲೆಕ್ಕ ಹಾಕುತ್ತಿದ್ದರು.

ನಾನು ಹಿಂದೆ ತಿರುಗಿ ನೋಡಿದೆ. ಅತ್ತೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಶಾಮಿಯಾನದ ಚಿತ್ತಾರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಅರ್ಥವಾಯಿತು. ಪ್ರಶಾಂತ ಕಣ್ಣಲ್ಲೇ ಸುಮ್ಮನಿರಿ ಎಂದು ಬೇಡಿಕೊಳ್ಳುತ್ತಿದ್ದ. ಸುಮ್ಮನಿದ್ದರೆ ಕಡಾಯಿಗಳು ಅವತ್ತೇ ಖರ್ಚಾಗುತ್ತಿದ್ದವು, ಏಜೆನ್ಸಿಯೂ ಉಳಿಯುತ್ತಿತ್ತು. ಬಾಯಿ ಬಿಟ್ಟರೆ ತಲೆಯ ಮೇಲಿನ ಬ್ಯಾನರಿಗೆ ನಾನೇ ಬೆಂಕಿ ಹಚ್ಚಿದಂತೆ. ಆದರೆ ಈ ಸೀಮೆಯಲ್ಲಿ ಅಂಗಡಿ ಇಟ್ಟವರು ಮಾರಿ ಓಡಿಹೋಗುವಂತಿಲ್ಲ. ಇವತ್ತು ಮೋಸ ಹೋದ ಗಿರಾಕಿ ನಾಳೆ ಯಾರದೋ ಮದುವೆಯಲ್ಲಿ ನಮ್ಮ ಪಕ್ಕದ ಎಲೆಗೇ ಬಂದು ಕೂರುತ್ತಾಳೆ. ಲೆಕ್ಕ ಹಾಕುತ್ತಿದ್ದ ಆ ನಾಲ್ಕೈದು ಮುಖಗಳನ್ನು ನೋಡಿದೆ. ಮಾವನವರು ಬೋರ್ಡಿನ ಕೆಳಗೆ ನಿಂತು ಯಾರಿಗೂ ಸುಳ್ಳು ಹೇಳಿ ಮಾರಿದವರಲ್ಲ. ಮೈಕು ಕಸಿದುಕೊಂಡು, "ಕೋಟಿಂಗೂ ಅಲ್ಲ, ಟೆಕ್ನಾಲಜೀನೂ ಅಲ್ರಿ. ಎಣ್ಣಿ ನಮ್ಮತ್ತಿ ಹಾಕ್ಯಾರ" ಎಂದೆ.

ಎಲ್ಲರೂ ಹಿಂದಿನ ಕುರ್ಚಿಯ ಕಡೆ ಕತ್ತು ತಿರುಗಿಸಿದರು. ಅತ್ತೆ ಎದ್ದರು. ಸೆರಗು ತಲೆಯ ಮೇಲೆ ಸರಿಮಾಡಿಕೊಂಡು, ಮೈಕಿನ ಹಂಗಿಲ್ಲದ ದನಿಯಲ್ಲಿ, "ಹೂಂ, ಹಾಕೀನಿ! ಮಸಾಲ್ಯಾಗ ಕಲಸೇನಿ. ಏನೀಗ? ಊರ ಮಂದಿ ಕರದು, ಒಣಾ ಬದನಿಕಾಯಿ ಇಕ್ಕಿ ಕಳಸಬೇಕಾಗಿತ್ತೇನು? ನಾಳೆ ನೀಲವ್ವನ ಮನ್ಯಾಗ ಎಣ್ಣೀಗೂ ಬಡತನ ಬಂದೈತಿ ಅಂತ ನೀವ ಆಡಿಕೊಳ್ಳತಿದ್ರಿ!" ಎಂದರು. ನನ್ನ ಕಡೆ ತಿರುಗಿ, ತುಸು ದನಿ ಇಳಿಸಿ, "ನಿನ್ನ ಮಾನ ಹೋಗಬಾರದಂತ ಹಾಕಿದೆ. ಆ ನಿನ್ನ ಗೋಡಾನಿನ ಬದನಿಕಾಯಿ ನಾ ಉಂಡು ನೋಡೀನಿ" ಎಂದರು. ಯಾವಾಗ ಉಂಡರೋ, ಹೇಗೆ ಉಂಡರೋ, ದೇವರಿಗೇ ಗೊತ್ತು. ನಾಯಿಗೂ ಆಗದ್ದನ್ನು ಅವರು ಉಂಡಿದ್ದರು. ಸೇರಿದವರಲ್ಲಿ ಪ್ರತಿಯೊಬ್ಬಳೂ ಒಂದೋ ಅತ್ತೆ, ಇಲ್ಲವೇ ಸೊಸೆ. ಕೆಲವರು ಎರಡೂ. ನಗೆ ಎಂಥದು ಎದ್ದಿತೆಂದರೆ ಬಾಣಸಿಗ ಹಾರಿಸಿದ ದೋಸೆ ತವಾ ತಪ್ಪಿ ಕೆಳಗೆ ಬಿತ್ತು.

ನಗು ಇಳಿದ ಮೇಲೆ ಬೀಳಗಿಯವಳು ಮುಂದೆ ಬಂದಳು. ಇನ್ನು ಬೈಗುಳ ಖಾತ್ರಿ ಎಂದುಕೊಂಡೆ. ಅವಳು ಕಡಾಯಿಯೊಳಗೆ ಇಣುಕಿ, ಮುಖ ಗಂಭೀರ ಮಾಡಿ, "ಅಲ್ರೀ, ಹಂಗಾರ ಈ ಕಡಾಯಿಗೆ ಎಣ್ಣಿ ಹಾಕಬಹುದೇನ್ರಿ?" ಎಂದು ಕೇಳಿದಳು. "ಯಾಕ ಹಾಕಬಾರದು?" ಎಂದೆ ನಾನು, ಏನೂ ತಿಳಿಯದೆ. "ಎಣ್ಣಿ ಬ್ಯಾಡ, ಎಣ್ಣಿ ಬ್ಯಾಡ ಅಂತ ನೀವ ಬಡಕೋತೀರಲ್ರಿ! ಎಣ್ಣಿ ಬಿದ್ರ ಕೆಡತೈತಿ ಅಂತ ನಾವು ತಿಳಕೊಂಡಿದ್ವಿ." ಹಿಂದಿನಿಂದ ಹತ್ತಾರು ದನಿಗಳು, "ನಾವೂ ಹಂಗ ತಿಳಕೊಂಡಿದ್ವಿ" ಎಂದವು. ನಾನು ಮತ್ತು ಪ್ರಶಾಂತ ಮುಖ ಮುಖ ನೋಡಿಕೊಂಡೆವು. ಇಷ್ಟು ವರ್ಷ ಗೋಡಾನಿನಲ್ಲಿ ಕಡಾಯಿಗಳು ಕೊಳೆಯುತ್ತಿದ್ದದ್ದು ನಾನು ಬಾಯಿತುಂಬ ಹೇಳುತ್ತಿದ್ದ ಆ ಒಂದೇ ಮಾತಿನಿಂದ. ಎಣ್ಣೆ ಹಾಕಬಾರದ ಪಾತ್ರೆಯನ್ನು ನಮ್ಮ ಕಡೆಯವರು ಮನೆಗೆ ಒಯ್ದು ಏನು ಮಾಡಿಯಾರು? ಹೂ ಕುಂಡ ಮಾಡಿಯಾರು.

"ಹಾಕ್ರಿ, ಬೇಕಾದಷ್ಟು ಹಾಕ್ರಿ! ತಳಾ ಹಿಡಿಯಂಗಿಲ್ಲ, ತಿಕ್ಕೂ ತ್ರಾಸಿಲ್ಲ!" ಎಂದು ಅತ್ತೆಯೇ ಕೂಗಿದರು. ಆಮೇಲೆ ಮಳಿಗೆ ನನ್ನ ಕೈಯಲ್ಲಿರಲಿಲ್ಲ. ಅವರು ರೊಟ್ಟಿಯ ಬುಟ್ಟಿ ಬಿಚ್ಚಿ, ಒಬ್ಬೊಬ್ಬರ ಕೈಗೂ ಅರ್ಧ ರೊಟ್ಟಿ, ಮೇಲೊಂದು ಎಣಗಾಯಿ, ಅದರ ಮೇಲೆ ಇಳಿಯುವ ಎಣ್ಣೆ, ಹೀಗೆ ಬಡಿಸುತ್ತ ಹೋದರು. ನಾನು ಡಬ್ಬಿ ಕಟ್ಟುತ್ತ ಹೋದೆ. ಒಲೆ ಅವರಿಗೆ, ಗಲ್ಲೆ ನನಗೆ. ಒಪ್ಪಂದ ತಾನಾಗಿಯೇ ಮರಳಿ ಜಾರಿಗೆ ಬಂದಿತ್ತು. ಪ್ರಶಾಂತ ಸ್ಟೂಲು ಹತ್ತಿ, ಬ್ಯಾನರಿನ 'ಬೇಡ' ಎಂಬುದರ ಮೇಲೆ ಕಾಗದ ಅಂಟಿಸಿ 'ಸಾಕು' ಎಂದು ಬರೆದ. "ಒಂದ ಹನಿ ಯಾರಿಗೆ ಸಾಕಾಕ್ಕೈತೋ ತಮ್ಮಾ?" ಎಂದು ಅತ್ತೆ ಅದಕ್ಕೂ ತಕರಾರು ತೆಗೆದರು. ಮಧ್ಯಾಹ್ನ ಬೆಳಗಾವಿಯ ಬಾಣಸಿಗ ಟೊಪ್ಪಿಗೆ ಕಂಕುಳಲ್ಲಿ ಇಟ್ಟುಕೊಂಡು ಬಂದು, "ಅವ್ವಾರ, ಬೆಳಗಿನಿಂದ ಬರೇ ದ್ವಾಸಿ ತಿಂದೇನ್ರಿ" ಎಂದು ಕೈ ಚಾಚಿದ. ಅವನಿಗೆ ಇಡೀ ರೊಟ್ಟಿ ಸಿಕ್ಕಿತು.

ಏಜೆನ್ಸಿ ಉಳಿಯಿತು. ಮಾವನವರ ಬೋರ್ಡು ಇದ್ದಲ್ಲೇ ಇದೆ. ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ನೆಮ್ಮದಿಯಿಂದ ಇರುತ್ತಿದ್ದೆ. ಆದರೆ ಕಂಪನಿಯವರು ಅತ್ತೆಯವರನ್ನು ಬಿಡಲಿಲ್ಲ. ಇವತ್ತು ಲೋಕಾಪುರ, ನಾಳೆ ಬೀಳಗಿ, ಮುಂದಿನ ವಾರ ರನ್ನ ಬೆಳಗಲಿ ಎಂದು ಗಾಡಿ ಕಳಿಸಿ ಕರೆದುಕೊಂಡು ಹೋಗುತ್ತಾರೆ. ಒಲೆ ಕಸಿದುಕೊಳ್ಳುತ್ತಾರೆಂದು ಹೆದರಿದ್ದ ಅತ್ತೆಗೆ ಈಗ ಸೀಮೆಯ ಒಲೆಗಳೆಲ್ಲ ತಮ್ಮವೇ. ಇಳಕಲ್ ಸೀರೆಯ ಮೇಲೆ ಕಂಪನಿಯ ಏಪ್ರನ್ನು ಕಟ್ಟಿಕೊಂಡು, ಹೊರಡುವಾಗ ಅಡುಗೆಮನೆಯ ಕಡೆ ಗದ್ದ ತೋರಿಸಿ, "ನೋಡಕೋ" ಎಂದು ಹೇಳಿ ಹೋಗುತ್ತಾರೆ. ಹೀಗೆ ಈ ವಯಸ್ಸಿನಲ್ಲಿ ನಾನು ಒಲೆಯ ಮುಂದೆ ನಿಂತೆ. ನಮ್ಮನೆಯವರು ಅಂಕ ಕೊಡುವುದನ್ನು ನಿಲ್ಲಿಸಿದ್ದಾರೆ. ನಾಪಾಸಾದವರಿಗೆ ದಿನವೂ ಹೇಳಿ ನೋಯಿಸಬಾರದು ಎಂದು ಶಿಕ್ಷಣಶಾಸ್ತ್ರದಲ್ಲಿ ಇದೆಯಂತೆ.

ಮೊನ್ನೆ ನಾನ್‌ಸ್ಟಿಕ್ ಕಡಾಯಿಯಲ್ಲಿ ಕಡಲೆಹಿಟ್ಟಿನ ಜುಣಕ ತಿರುವುತ್ತಿದ್ದಾಗ ಅದು ಗಂಟು ಗಂಟಾಗಿ, ಕಟ್ಟಿಗೆಯ ಸೌಟು ಎಲ್ಲಿಟ್ಟೆನೋ ಸಿಗದೆ, ಆ ಹೊತ್ತಿನ ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಗರಗರ ತಿರುವಿದೆ. ಸಂಜೆ ಲೋಕಾಪುರದಿಂದ ಬಂದ ಅತ್ತೆ ಏಪ್ರನ್ನು ಬಿಚ್ಚುವ ಮೊದಲೇ ಕಡಾಯಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಕನ್ನಡಕ ಏರಿಸಿದರು. ಒಳಗೆಲ್ಲ ಬೆರಳಾಡಿಸಿದರು. "ಸ್ಟೀಲ್ ಸೌಟು ಹಾಕೀಯೇನು ಗಿರಿಜಾ?" ಎಂದು ಕೇಳಿದರು.

"ಇಲ್ರೀ ಅತ್ತಿ, ಕಟ್ಟಿಗಿ ಸೌಟನ ಹಾಕಿದ್ದೆ" ಎಂದೆ. "ತಾನ ಹಂಗಾತು."